ಅಪ್ಪ ತಾಟಿನಲ್ಲಿ ಬಿಡುತ್ತಿದ್ದ ತುತ್ತು

ಉಳಿದ ಅನ್ನವನ್ನು ನಾನು ಚೆಲ್ಲುತ್ತೇನೆ. ಮೊಮ್ಮಗ ಅರ್ಧ ಕಚ್ಚಿ ಬಿಟ್ಟ ಚಪಾತಿ, ಗಂಡನ ತಾಟಿನಲ್ಲಿ ಉಳಿದ ಪಲ್ಯ, ಪಾತ್ರೆಯ ತಳಕ್ಕೆ ಹತ್ತಿದ ಅನ್ನ, ಯಾವುದನ್ನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಪಕ್ಕದ ಮನೆಯ ಎಮ್ಮೆಗೆಂದು ಇಟ್ಟ ಬಕೆಟ್ಟಿಗೆ ಸುರಿದು ಕೈ ತೊಳೆದುಕೊಳ್ಳುತ್ತೇನೆ. ಹಳಿಯಾಳದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಇದಕ್ಕಾಗಿ ದೊಡ್ಡ ರಾದ್ಧಾಂತವೇ ಆಯಿತು. ಅತ್ತೆ ನನ್ನನ್ನು ಸೊಕ್ಕಿನವಳು ಎಂದರು. ಕ್ವಾರ್ಟರ್ಸಿನಲ್ಲಿ ಬೆಳೆದ ಹುಡುಗಿಯರಿಗೆ ಅನ್ನದ ಬೆಲೆ ಗೊತ್ತಿಲ್ಲ ಎಂದು ಓಣಿಯ ಹೆಂಗಸರು ಆಡಿಕೊಂಡರು. ನಾನು ಯಾರಿಗೂ ಜವಾಬು ಕೊಡಲು ಹೋಗಲಿಲ್ಲ. ಕೊಡಬೇಕೆಂದರೆ ಅವ್ವನ ಕಥೆ ಹೇಳಬೇಕಾಗುತ್ತಿತ್ತು, ಅವ್ವನ ಕಥೆಯನ್ನು ಆ ಬಾಯಿಗಳಿಗೆ ಹಾಕಲು ನನಗೆ ಮನಸ್ಸಿರಲಿಲ್ಲ. ಈಗ ಅತ್ತೆಯೂ ಇಲ್ಲ, ಆಡಿಕೊಂಡವರಲ್ಲಿ ಬಹಳ ಮಂದಿಯೂ ಇಲ್ಲ. ಅನ್ನ ಸುರಿಯುವಾಗ ಇಂದಿಗೂ ಕೈ ಒಂದು ಗಳಿಗೆ ತಡೆಯುತ್ತದೆ. ಆದರೂ ಸುರಿಯುತ್ತೇನೆ.

ನಾನು ಬೆಳೆದದ್ದು ದಾಂಡೇಲಿಯಲ್ಲಿ, ಕಾಗದದ ಕಾರ್ಖಾನೆಯ ಕೆಲಸಗಾರರ ಮನೆಗಳ ಸಾಲಿನಲ್ಲಿ. ಮುಂದೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಬಚ್ಚಲು. ಕೋಣೆಗೂ ಅಡಿಗೆಮನೆಗೂ ನಡುವೆ ಚೌಕಟ್ಟು ಇತ್ತು, ಬಾಗಿಲು ಇರಲಿಲ್ಲ. ಹೊರಸಿನ ಮೇಲೆ ಮಲಗಿದವರಿಗೆ ಒಲೆಯ ಮುಂದಿನ ಅವ್ವನ ಬೆನ್ನು ಕಾಣುತ್ತಿತ್ತು. ಕಾರ್ಖಾನೆಯ ವಾಸನೆ ಗೋಡೆಗೆ, ಬಟ್ಟೆಗೆ, ಹಿಟ್ಟಿನ ಡಬ್ಬಿಗೂ ಹತ್ತಿಕೊಂಡಿತ್ತು. ನೆಂಟರು ಬಂದು ಮೂಗಿಗೆ ಸೆರಗು ಹಿಡಿದಾಗಲೇ ನಮಗೆ ಅದರ ನೆನಪಾಗುತ್ತಿದ್ದುದು. ಮನೆಯಲ್ಲಿ ನಾವು ಐದು ಜನ: ಅಪ್ಪನ ತಾಯಿ ಆಯಿ, ಅಪ್ಪ, ಅವ್ವ, ಅಣ್ಣ ಮತ್ತು ನಾನು. ಆಯಿ ಮತ್ತು ಅಪ್ಪ ಧಾರವಾಡದ ಕಡೆಯ ಎರೆಮಣ್ಣಿನವರು, ಜೋಳದ ರೊಟ್ಟಿ ಇಲ್ಲದಿದ್ದರೆ ಅವರಿಗೆ ಊಟವೇ ಅಲ್ಲ. ಅವ್ವ ಮುಂಡಗೋಡದ ಕಡೆಯವಳು, ಅನ್ನ ತಿಂದು ಬೆಳೆದವಳು. ನಾವು ಮಕ್ಕಳು ಅವಳ ಪಾಲು, ಅನ್ನವೇ ಬೇಕು. ಹೀಗಾಗಿ ನಮ್ಮ ಮನೆಯಲ್ಲಿ ದಿನವೂ ಎರಡು ಅಡಿಗೆ ಆಗುತ್ತಿತ್ತು, ಎರಡರಲ್ಲೂ ಒಂದಿಷ್ಟು ಉಳಿಯುತ್ತಿತ್ತು.

ಉಳಿದದ್ದನ್ನು ಚೆಲ್ಲುವುದು ಎಂಬುದು ಮಾತ್ರ ನಮ್ಮ ಮನೆಯಲ್ಲಿ ಇರಲಿಲ್ಲ. ಆಯಿ ಬೆಳಿಗ್ಗೆ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ತಾಟಿನ ಮುಂದೆ ಕೂತಳೆಂದರೆ ಊಟವೂ ಪೂಜೆಯ ಮುಂದುವರಿಕೆಯೇ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಎತ್ತಿ ಕುಡಿಯುತ್ತಿದ್ದಳು. ಅವಳು ಎದ್ದ ಮೇಲೆ ತಾಟು ತೊಳೆಯುವ ಕೆಲಸವೇ ಉಳಿಯುತ್ತಿರಲಿಲ್ಲ. ನಾವೂ ಹಾಗೆಯೇ ಮಾಡಬೇಕೆಂದು ಅವಳ ಹಟ. ಖಾರದ ಎಣ್ಣೆ ತೇಲುವ ಆ ನೀರು ನೋಡಿದರೆ ಅಣ್ಣನಿಗೆ ಓಕರಿಕೆ ಬರುತ್ತಿತ್ತು.

"ಪ್ರಸಾದ ಐತಿ ಅದು. ತಾಟಿನಾಗ ಒಂದು ಅಗಳು ಕಂಡ್ರ ನಾಳಿಗೆ ಉಪವಾಸ ಕೆಡವತೇನಿ ನೋಡ್ರಿ."

ಆಯಿ ಹಾಗೆ ಅನ್ನುವಷ್ಟರಲ್ಲಿ ಅವ್ವ ನಮ್ಮ ತಾಟುಗಳನ್ನು ಎತ್ತಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟಿರುತ್ತಿದ್ದಳು. ಅಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತು ನಾವು ಬಿಟ್ಟದ್ದನ್ನೆಲ್ಲ ನಾಲ್ಕೇ ಗಳಿಗೆಯಲ್ಲಿ ಬಾಯಿಗೆ ಹಾಕಿಕೊಂಡು ಖಾಲಿ ತಾಟನ್ನು ಆಯಿಗೆ ಕಾಣುವಂತೆ ಬಚ್ಚಲಿಗೆ ಒಯ್ಯುತ್ತಿದ್ದಳು. ನಮ್ಮನ್ನು ಬೈಗುಳದಿಂದ ಉಳಿಸುವ ಅವಳ ಉಪಾಯ ಅದು. ಅಣ್ಣ ಅರ್ಧಕ್ಕೆ ಬಿಟ್ಟ ಉಪ್ಪಿಟ್ಟು, ನಾನು ತಿನ್ನದ ರೊಟ್ಟಿಯ ಅಂಚು, ಹಲ್ಲಿಲ್ಲದ ಆಯಿ ಹಾಲಿನಲ್ಲಿ ನೆನೆಸಿ ಸಾಕಾಯಿತೆಂದು ತಾನೇ ಸೊಸೆಯ ಕಡೆ ಸರಿಸಿದ ರೊಟ್ಟಿ, ಬೋಗುಣಿಯ ತಳದ ಸಾರು ಅನ್ನ, ನಿನ್ನೆಯ ತಂಗಳು. ಬೆಳಗಿನಿಂದ ಸಂಜೆಯ ತನಕ ಅವ್ವನ ದವಡೆ ಆಡುತ್ತಲೇ ಇರುತ್ತಿತ್ತು. ಅದನ್ನು ಅವಳಾಗಲಿ ನಾವಾಗಲಿ ಊಟ ಎಂದು ಕರೆದವರಲ್ಲ. ಊಟವೆಂದರೆ ಕೂತು, ತಾಟು ಹಾಕಿಕೊಂಡು ಉಣ್ಣುವುದು. ಇದು ಮನೆಗೆಲಸ, ಕಸ ಗುಡಿಸಿದ ಹಾಗೆ, ಮುಸುರೆ ತಿಕ್ಕಿದ ಹಾಗೆ.

ಅವಳು ಕೂತು ಉಣ್ಣುತ್ತಿದ್ದುದು ಅಪ್ಪ ಉಂಡ ಮೇಲೆ, ಅಪ್ಪನ ತಾಟಿನಲ್ಲಿಯೇ. ಅಪ್ಪನಿಗೆ ಪಾಳಿಯ ಕೆಲಸ, ಕಾರ್ಖಾನೆಯ ಭೋಂಗಾ ಕೂಗಿದಂತೆ ಊಟದ ಹೊತ್ತೂ ವಾರವಾರಕ್ಕೆ ಬದಲಾಗುತ್ತಿತ್ತು. ಅವನು ಯಾವ ಹೊತ್ತಿಗೆ ಬಂದರೂ ಬಿಸಿ ರೊಟ್ಟಿ ತಟ್ಟಿ, ಅವನು ಉಂಡು ಎದ್ದ ಮೇಲೆ ಅದೇ ತಾಟಿಗೆ ತನಗೆ ಬಡಿಸಿಕೊಂಡು ಕೂರುತ್ತಿದ್ದಳು. ಅಪ್ಪ ಮಾತು ಕಡಿಮೆಯ ಮನುಷ್ಯ. ಅವ್ವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ, ಒಂದು ಸೀರೆ ತಂದರೂ ಹೊರಸಿನ ಮೇಲೆ ಇಟ್ಟು ಹೊರಗೆ ಹೋಗುತ್ತಿದ್ದ. ಆದರೆ ತಾಟಿನಲ್ಲಿ ಮಾತ್ರ ಅವಳಿಗೆಂದು ಬಿಡುತ್ತಿದ್ದ. ಬರೀ ಉಳಿದದ್ದಲ್ಲ, ಒಳ್ಳೆಯದನ್ನೇ ಬಿಡುತ್ತಿದ್ದ. ಕಾಲು ರೊಟ್ಟಿ, ಅದರ ಮೇಲೆ ಎಣ್ಣೆಗಾಯಿಯ ಮೆತ್ತನೆಯ ಬದನೆಕಾಯಿ, ಪಕ್ಕದಲ್ಲಿ ಮೊಸರು ಕಲಸಿದ ಅನ್ನದ ಒಂದು ಉಂಡೆ. ಹಬ್ಬದ ದಿನ ತುಪ್ಪ ಸುರಿದ ಅರ್ಧ ಹೋಳಿಗೆ. ಅವ್ವ ಮೊದಲು ಆ ತುತ್ತನ್ನು ಉಂಡು ಆಮೇಲೆ ತನ್ನ ಊಟ ಶುರು ಮಾಡುತ್ತಿದ್ದಳು. ಆಗ ಅವಳ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇರುತ್ತಿತ್ತು, ಅದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಅಪ್ಪನಿಗೆ ಅವಳ ಮೇಲೆ ಸಿಟ್ಟು ಬಂದ ದಿನ ಮಾತ್ರ ತಾಟು ಬಳಿದು ಖಾಲಿ ಮಾಡಿ ಎದ್ದುಬಿಡುತ್ತಿದ್ದ. ಒಮ್ಮೆ ಅವ್ವ ಅವನನ್ನು ಕೇಳದೆ ತವರಿಗೆ ಹೋಗಿ ಬಂದಳೆಂದು ಒಂದಷ್ಟು ದಿನ ಹಾಗೆ ಮಾಡಿದ್ದ. ಬಾಯಿ ಬಿಟ್ಟು ಒಂದು ಮಾತೂ ಬೈಯಲಿಲ್ಲ. ಅವ್ವ ಆ ದಿನಗಳಲ್ಲಿ ಬಚ್ಚಲಲ್ಲಿ ಕೂತು ಅಳುತ್ತಿದ್ದಳು.

ಮದುವೆಯ ಫೋಟೋದಲ್ಲಿ ಅವ್ವ ಸಣಕಲು ಹುಡುಗಿ, ಕುತ್ತಿಗೆಯ ಎಲುಬು ಕಾಣುತ್ತವೆ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳು ಬಾಗಿಲ ಚೌಕಟ್ಟಿನಲ್ಲಿ ಅಡ್ಡ ತಿರುಗಿ ದಾಟುತ್ತಿದ್ದಳು. ನಲ್ಲಿಯಿಂದ ಕೊಡ ತರುವಾಗ ಎರಡು ಕಡೆ ಇಳಿಸಿ ಉಸಿರು ಬಿಡುತ್ತಿದ್ದಳು. ಬಳೆಗಾರ ಅವಳ ಕೈ ನೋಡಿ ಇದಕ್ಕೆ ಹತ್ತುವ ಅಳತೆ ಮುಂದಿನ ಸಲ ತರುತ್ತೇನೆ ಎಂದು ನಕ್ಕು ಹೋಗಿದ್ದ. ಆದರೆ ನಮ್ಮ ಮನೆಯಲ್ಲಿ ಅದು ಚಿಂತೆಯ ವಿಷಯವಾಗಿರಲಿಲ್ಲ, ಮರ್ಯಾದೆಯ ವಿಷಯವಾಗಿತ್ತು. ಮುಂಡಗೋಡದಿಂದ ಸೋದರಮಾವ ಬಂದಾಗ ಆಯಿ ಅವ್ವನನ್ನು ಅವನ ಮುಂದೆ ನಿಲ್ಲಿಸಿ ತೋರಿಸುತ್ತಿದ್ದಳು.

"ನೋಡಪಾ, ನಿಮ್ಮ ತಂಗೀನ ಹೆಂಗ ನೋಡ್ಕೊಂಡೇವಿ. ನಿಮ್ಮ ಮನಿಯಿಂದ ಬಂದಾಗ ಕಡ್ಡಿ ಇದ್ಲು."

"ಅತ್ತಿ, ನಾ ಏನ ಉಣ್ತೇನ್ರಿ ಅಂಥಾದ್ದು," ಎಂದು ಅವ್ವ ನಾಚುತ್ತಿದ್ದಳು. "ಗಾಳಿ ಕುಡದ್ರೂ ಮೈಗೆ ಹತ್ತತೈತಿ."

ಆ ಮಾತನ್ನು ಅವಳು ನಿಜವೆಂದೇ ನಂಬಿದ್ದಳು. ನಾವೂ ನಂಬಿದ್ದೆವು.

ಆಮೇಲೆ ಅವಳ ಕಾಲಿಗೆ ಒಂದು ಹುಣ್ಣಾಯಿತು. ಬಚ್ಚಲ ಕಲ್ಲು ತರಚಿದ ಸಣ್ಣ ಗಾಯ, ಅರಿಸಿನ ಹಚ್ಚಿದರೂ ಮಾಯಲಿಲ್ಲ. ಅವಳು ಮೂತ್ರಕ್ಕೆ ಹೋಗಿ ಬಂದರೆ ಬಚ್ಚಲಿನ ಮೋರಿಯ ಸುತ್ತ ಇರುವೆ ಮುತ್ತತೊಡಗಿದವು. ಆಯಿಯೇ ಅವಳನ್ನು ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು, ಗುಳಿಗೆ ಶುರುವಾಯಿತು. ಅಂದಿನಿಂದ ಅವ್ವ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟಳು, ಹೋಳಿಗೆಯ ಕಡೆ ಕಣ್ಣೆತ್ತಿ ನೋಡಲಿಲ್ಲ. ಅಷ್ಟರಮಟ್ಟಿಗೆ ಬಹಳ ಕಟ್ಟುನಿಟ್ಟು. ಆದರೆ ಮಕ್ಕಳು ಬಿಟ್ಟ ಅನ್ನ, ಆಯಿಯ ಹಾಲು ರೊಟ್ಟಿ, ಬೋಗುಣಿಯ ತಳ, ಅಪ್ಪನ ತುತ್ತು ಎಲ್ಲ ಹಾಗೆಯೇ ನಡೆದವು. ಅವು ಸಿಹಿಯಲ್ಲ, ಊಟವೂ ಅಲ್ಲ. ಮತ್ತೆ ಯಾಕೆ ಬಿಡಬೇಕು?

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಪ್ಪನಿಗೆ ಜ್ವರ ಬಂತು. ವಾರಗಟ್ಟಲೆ ರಜೆ ಹಾಕಿ ಹೊರಸಿನ ಮೇಲೆ ಮಲಗಿದ. ಮದುವೆಯಾದ ಮೇಲೆ ಹಗಲು ಪೂರ್ತಿ ಅವನು ಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಇದ್ದದ್ದು ಅದೇ ಮೊದಲಿರಬೇಕು. ಪಾಳಿಯವರು ಮನೆಯಲ್ಲಿದ್ದಾಗ ನಿದ್ದೆ ಮಾಡುತ್ತಾರೆ. ಕಂಬಳಿ ಹೊದ್ದು ಮಲಗಿದಲ್ಲಿಂದ ಅವನಿಗೆ ಅವ್ವನ ಬೆನ್ನು ಕಾಣುತ್ತಿತ್ತು. ನಾನು ಅವನಿಗೆ ಗಂಜಿ ಕೊಡಲು ಹೋದಾಗ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದ.

"ನಿಮ್ಮವ್ವ ದಿನಾ ಹಿಂಗ ಮಾಡ್ತಾಳೇನು?"

"ಹೆಂಗಪಾ?"

"ಹಿಂಗ, ಗ್ವಾಡಿ ಕಡೆ ಮಾರಿ ಮಾಡಿ ನಿಂತು. ಮುಂಜಾನಿಂದ ನೋಡಾಕ ಹತ್ತೇನಿ."

"ಹೂಂ. ಮತ್ತ ತಾಟಿನಾಗ ಉಳದದ್ದು ಚೆಲ್ಲೂದೇನು?"

ಅಪ್ಪ ನನ್ನ ಕೈಯಲ್ಲಿದ್ದ ಗಂಜಿಯನ್ನು ತೆಗೆದುಕೊಂಡು, ಬಾಯಿಗೆ ಇಡುವ ಮೊದಲು ಮತ್ತೊಮ್ಮೆ ಅಡಿಗೆಮನೆಯ ಕಡೆ ನೋಡಿದ.

ಅಪ್ಪ ಎದ್ದು ಓಡಾಡುವಂತಾದ ಮೇಲೆ ಅವ್ವನನ್ನು ತಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ. ಜಿಟಿಜಿಟಿ ಮಳೆ. ಅವ್ವನಿಗೆ ಕೊಡೆ ಹಿಡಿಯಲು ನಾನೂ ಹೋದೆ. ಡಾಕ್ಟರು ಅವ್ವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಗ್ಗಿ ನೋಡಿ, ತೂಕವನ್ನು ಗಟ್ಟಿಯಾಗಿ ಹೇಳಿದರು. ಬೆಂಚಿನ ಮೇಲೆ ಕೂತವರೆಲ್ಲ ತಲೆ ಎತ್ತಿ ನೋಡಿದರು. ಗಂಡನ ಮುಂದೆ ಅವಳ ತೂಕವನ್ನು ಯಾರೂ ಹಾಗೆ ಹೇಳಿರಲಿಲ್ಲ. ಅವ್ವ ಸೆರಗನ್ನು ಮೈತುಂಬ ಎಳೆದುಕೊಂಡು ಇಳಿದಳು, ಅವಳ ಕಿವಿ ಕೆಂಪಾಗಿದ್ದವು.

"ಗುಳಿಗಿ ತಗೊಂಡೂ ಸಕ್ಕರಿ ಇಳಿವಲ್ತಲ್ರಿ ಅಕ್ಕಾರ. ಊಟ ಎಷ್ಟು ಸಲ ಮಾಡ್ತೀರಿ?"

"ಎರಡು ಹೊತ್ತು ರೀ."

"ನಡುವ ಏನರ ತಿಂತೀರಿ?"

"ಏನಿಲ್ರಿ. ಚಹಾ ಅಷ್ಟ. ಸಕ್ಕರಿ ಇಲ್ಲದ್ದು."

ಅವಳು ಸುಳ್ಳು ಹೇಳಲಿಲ್ಲ. ತಾಟು ಹಾಕಿಕೊಂಡು ಕೂರುತ್ತಿದ್ದುದು ಎರಡೇ ಹೊತ್ತು. ಡಾಕ್ಟರು ಅಪ್ಪನ ಕಡೆ ತಿರುಗಿ ಹೌದೇನು ಎಂಬಂತೆ ನೋಡಿದರು. ಅಪ್ಪ ಬಾಯಿ ತೆರೆದ. ಅವ್ವ ತಲೆ ತಗ್ಗಿಸಿ ಕೂತಿದ್ದಳು, ಬೆಂಚಿನವರು ಇನ್ನೂ ಅವಳ ಮೈಯನ್ನೇ ನೋಡುತ್ತಿದ್ದರು. ಅಪ್ಪ ಬಾಯಿ ಮುಚ್ಚಿದ.

"ಎರಡು ಹೊತ್ತು ಉಂಡ್ರೂ ಇಷ್ಟು ಐತಿ ಅಂದ್ರ ಗುಳಿಗಿ ಸಾಲವಲ್ವು. ಹೆಚ್ಚು ಮಾಡತೇನಿ. ಸಕ್ಕರಿ, ಬೆಲ್ಲ ಹತ್ತರ ತರಬ್ಯಾಡ್ರಿ. ಮತ್ತ ಗುಳಿಗಿ ನುಂಗಿದ ಮ್ಯಾಲೆ ಊಟ ತಪ್ಪಸಬಾರದು, ತಿಳೀತಿಲ್ರಿ?"

ಅವ್ವ ಹೂಂ ಎಂದಳು. ತೂಕ ಕೇಳಿದ ಮೇಲೆ ಅವಳ ಕಿವಿಗೆ ಬೇರೆ ಮಾತು ಬಿದ್ದಂತೆ ನನಗೆ ಕಾಣಲಿಲ್ಲ. ಬರುವಾಗ ಅಪ್ಪ ಏನೋ ಯೋಚನೆಯಲ್ಲಿ ಮಳೆಯಲ್ಲಿ ನೆನೆಯುತ್ತ ಮುಂದೆ ಮುಂದೆ ನಡೆದ. ನಾವಿಬ್ಬರೂ ಒಂದೇ ಕೊಡೆಯಡಿ ಹಿಂದೆ. ಅವ್ವ ಅವನ ಜೊತೆ ಹೆಜ್ಜೆ ಹಾಕಲು ಏದುಸಿರು ಬಿಡುತ್ತಿದ್ದಳು, ಅವನು ತಿರುಗಿ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಆಯಿಯನ್ನೂ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ. ಅವ್ವ ನೀರಿಗೆ ಹೋಗಿದ್ದಳು.

"ಇನ್ನ ಮ್ಯಾಲೆ ಯಾರ ತಾಟಿನಾಗೂ ಏನೂ ಉಳೀಬಾರದು. ಬೇಕಾದಷ್ಟ ಹಾಕ್ಕೊಂಡು, ಹಾಕ್ಕೊಂಡದ್ದು ಪೂರಾ ಉಣ್ರಿ. ಅಡಿಗೀನೂ ಕೈ ಹಿಡಿದು ಮಾಡಸ್ರಿ."

"ನಾ ಇಷ್ಟು ವರ್ಷ ಇದನ್ನ ಹೇಳ್ಕೋತ ಬಂದೇನಿ," ಎಂದಳು ಆಯಿ. "ಈಗ ತಿಳೀತು ನಿನಗ."

ಯಾಕೆ ಎಂದು ಅಪ್ಪ ಹೇಳಲಿಲ್ಲ. ಹೇಳಿದರೆ ಅವ್ವ ಕದ್ದು ತಿನ್ನುತ್ತಾಳೆ ಎಂದ ಹಾಗೆ ಆಗುತ್ತಿತ್ತು. ಅವನಿಗೆ ಅವಳ ಮಾನ ದೊಡ್ಡದು. ಅವಳನ್ನು ಕೂರಿಸಿ ಎರಡು ಮಾತಾಡಿದ್ದರೆ ಮಾನ ಹೋಗುತ್ತಿತ್ತೆ? ಇಷ್ಟು ವರ್ಷವಾದರೂ ಅಪ್ಪನ ಮೇಲಿನ ಈ ಸಿಟ್ಟು ನನಗೆ ಪೂರ್ತಿ ಇಳಿದಿಲ್ಲ. ಅಂದಿನಿಂದ ಅವನು ತನ್ನ ತಾಟನ್ನೂ ಬಳಿದು ಉಣ್ಣತೊಡಗಿದ. ಮೊಸರಿನ ಒಂದು ಗೆರೆಯೂ ಉಳಿಯದಂತೆ ಬೆರಳಿನಿಂದ ಒರೆಸಿ, ನೀರು ಹಾಕಿ ಕುಡಿದು ಎದ್ದ.

ಮೊದಲ ದಿನ ಅವನು ಮರೆತಿರಬೇಕು ಎಂದುಕೊಂಡಳು ಅವ್ವ. ಎರಡನೆಯ ದಿನ ಎಣ್ಣೆಗಾಯಿ ಮಾಡಿ ಬಡಿಸಿದಳು. ಅದೂ ಪೂರ್ತಿ ಖಾಲಿ. ನಾನು ಬಚ್ಚಲಿಗೆ ಹೋದಾಗ ಅವಳು ಆ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ನೋಡು, ನಿಮ್ಮಪ್ಪ ಹೆಂಗ ಬಳದಾರ. ನಾಯಿಗೂ ಮಂದಿ ಒಂದು ತುತ್ತು ಬಿಡ್ತಾರ."

"ಸಿಟ್ಟಾಗ್ಯಾರೇನವಾ? ನೀ ಏನರ ಅಂದಿ?"

"ನಾ ಏನ ಅನಲಿ. ಅವತ್ತ ಅಲ್ಲಿ ಎಲ್ಲಾರ ಮುಂದ ನನ್ನ ತೂಕ ಕೇಳ್ಯಾರ. ಹೇಸಿಗಿ ಬಂದೈತಿ ಅವರಿಗೆ ನನ್ನ ಕಂಡ್ರ."

"ಅಪ್ಪನ್ನ ಕೇಳಬಾರದೇನು?"

"ಏನಂತ ಕೇಳಲಿ? ನಿಮ್ಮ ಎಂಜಲ ಯಾಕ ಬಿಡವಲ್ರಿ ಅಂತ ಕೇಳ್ಲ್ಯಾ?"

ಅದನ್ನು ಹೇಳುವಾಗ ಅವಳಿಗೆ ತಾನೇ ನಗು ಬಂತು, ನಗುತ್ತಲೇ ಅತ್ತಳು. ನನಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು, ಆದರೆ ಅವಳ ಕೈತುಂಬ ಬೂದಿ ಇತ್ತು, ನನಗೆ ಶಾಲೆಗೆ ಹೊತ್ತಾಗಿತ್ತು.

ಆಮೇಲೆ ಅವಳು ಊಟಕ್ಕೆ ಕೂರುವುದೇ ಒಂದು ಶಾಸ್ತ್ರವಾಯಿತು. ಅಪ್ಪನ ಖಾಲಿ ತಾಟಿಗೆ ಅರ್ಧ ರೊಟ್ಟಿ ಹಾಕಿಕೊಂಡು, ಅದನ್ನು ಚೂರು ಚೂರು ಮಾಡಿ, ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದಳು. ನಮ್ಮ ತಾಟುಗಳಲ್ಲಿ ಏನೂ ಉಳಿಯುತ್ತಿರಲಿಲ್ಲ, ಬೋಗುಣಿಯಲ್ಲೂ ಇಲ್ಲ. ಗುಳಿಗೆ ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ಅಪ್ಪ ತಾನೇ ಹೋಗಿ ತಂದ ಗುಳಿಗೆ, ಅವನಿಂದ ಅವಳಿಗೆ ಈಗ ಬರುತ್ತಿದ್ದುದು ಅದೊಂದೇ. ಅವಳ ಮೈ ಇಳಿಯಿತು. ಗಲ್ಲದ ಚರ್ಮ ಜೋತುಬಿತ್ತು, ರವಿಕೆ ಸಡಿಲವಾಯಿತು. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಕೈ ನಡುಗುತ್ತಿತ್ತು, ಒಲೆಯಿಂದ ದೂರ ಕೂತಾಗಲೂ ಬೆವರುತ್ತಿದ್ದಳು. ಅಪ್ಪ ಅವಳ ಇಳಿದ ಮೈಯನ್ನು ನೋಡಿ ಒಳಗೊಳಗೇ ಹಿಗ್ಗಿದ್ದ. ಔಷಧ ನಾಟಿದೆ ಎಂದು ಪಕ್ಕದ ಮನೆಯವರ ಮುಂದೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅವಳ ಮುಂದೆ ಮಾತ್ರ ಹೇಳಲಿಲ್ಲ.

ಶ್ರಾವಣ ಬಂತು. ಶ್ರಾವಣ ಸೋಮವಾರ ಅತ್ತೆ ಸೊಸೆ ಇಬ್ಬರಿಗೂ ಸಂಜೆಯ ಪೂಜೆಯ ತನಕ ಉಪವಾಸ. ಅಂದು ಜೋಯಿಡಾ ಕಡೆಯೆಲ್ಲ ಹುಚ್ಚು ಮಳೆ, ನಮ್ಮ ಶಾಲೆಗೂ ರಜೆ ಕೊಟ್ಟಿದ್ದರು. ಅಪ್ಪ ಬೆಳಗಿನ ಪಾಳಿಗೆ ಹೋಗಿದ್ದ, ಅಣ್ಣ ಗೆಳೆಯರ ಜೊತೆ ಹೊಳೆಯ ನೀರು ಏರಿದ್ದನ್ನು ನೋಡಲು ಹೋಗಿದ್ದ. ಅವ್ವ ಸ್ನಾನ ಮಾಡಿ ಬಂದು ನೀರಿನ ಜೊತೆ ಗುಳಿಗೆ ನುಂಗಿದಳು.

"ಉಪಾಸ ಇದ್ದಾಗ ಗುಳಿಗಿ ನಡೀತೈತೇನ್ರಿ ಅತ್ತಿ?"

"ಗುಳಿಗಿ ಏನ ಊಟ ಆತೇನು? ನುಂಗು. ಅದನ್ನ ತಪ್ಪಸಬ್ಯಾಡ."

ಮಧ್ಯಾಹ್ನದ ಹೊತ್ತಿಗೆ ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ಅವಳು ಕಲ್ಲು ಆರಿಸಿ ಮೊರದಲ್ಲಿ ಇಟ್ಟು ಅಕ್ಕಿಯನ್ನು ನೆಲಕ್ಕೆ ಹಾಕುತ್ತಿರುವುದು ಕಂಡು ನಾನು ನಕ್ಕೆ. ಅವ್ವ ಎಂದೆ. ಅವಳು ನನ್ನನ್ನು ತನ್ನ ತಂಗಿಯ ಹೆಸರು ಹಿಡಿದು ಕರೆದಳು. ನಾಲಿಗೆ ತೊದಲುತ್ತಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿ ಕಣ್ಣಿಗೆ ಇಳಿಯುತ್ತಿತ್ತು. ಆಮೇಲೆ ಮೊರದ ಮೇಲೆಯೇ ಪಕ್ಕಕ್ಕೆ ವಾಲಿದಳು. ನನ್ನ ಕೂಗು ಕೇಳಿ ಆಯಿ ಬಂದಳು, ಪಕ್ಕದ ಮನೆಯ ಸಾವಿತ್ರಿಬಾಯಿಯೂ ಓಡಿ ಬಂದಳು. ಸಾವಿತ್ರಿಬಾಯಿ ಕುಂಬಾರವಾಡದ ಕಡೆಯ ಕೊಂಕಣಿ ಹೆಂಗಸು, ಅವಳ ಗಂಡನೂ ಅಪ್ಪನ ಜೊತೆ ಕೆಲಸಕ್ಕಿದ್ದ. ತಲೆಸುತ್ತು ಬಂದವರಿಗೆ ಯಾರಾದರೂ ಮಾಡುವಂತೆ ಅವಳು ತನ್ನ ಮನೆಯಿಂದ ಒಂದು ಲೋಟ ಹಿಡಿದುಕೊಂಡು ಬಂದಳು.

"ಏನದು?" ಎಂದಳು ಆಯಿ.

"ಸಕ್ರಿ ನೀರು ಆಯಿ. ಚಕ್ಕರ್ ಬಂದೈತಿ, ಒಂದೀಟು ಕುಡಸೂಣು."

"ಸಕ್ಕರಿ ಬ್ಯಾನಿ ಐತಿ ಆಕಿಗೆ. ಏರೇತಿ, ಅದಕ್ಕ ಹಿಂಗಾಗೇತಿ. ಡಾಕ್ಟರ್ ಸಕ್ಕರಿ ಹತ್ತರ ತರಬ್ಯಾಡ್ರಿ ಅಂದಾನ. ಕೊಂದಗಿಂದೀಯವಾ, ತಗಿ ಅತ್ತಾಗ."

ಸಾವಿತ್ರಿಬಾಯಿ ತಪ್ಪು ಮಾಡಿದವಳಂತೆ ಲೋಟವನ್ನು ಕಿಟಕಿಯಲ್ಲಿ ಇಟ್ಟಳು. ಅಪ್ಪನಿಗೆ ಸುದ್ದಿ ಮುಟ್ಟಿಸಲು ಕಾರ್ಖಾನೆಯ ಗೇಟಿನ ಕಡೆ ಮಳೆಯಲ್ಲಿ ಓಡಿದಳು. ಆಯಿ ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಣೆಗೆ ವಿಭೂತಿ ಹಚ್ಚುತ್ತ, ಶಿವನ ಹೆಸರು ಹೇಳುತ್ತ ಕೂತಳು. ಸೊಸೆಯ ಬಾಯಿಗೆ ಸಕ್ಕರೆಯ ಒಂದು ಹನಿ ಬೀಳದ ಹಾಗೆ ಕಾಯ್ದಳು. ಅವ್ವ ಗೊರಕೆಯಂಥ ಉಸಿರು ಬಿಡುತ್ತಿದ್ದಳು. ಮಳೆಗೆ ಹೊಳೆ ಏರಿ ದಾರಿ ಕಟ್ಟಿತ್ತು, ವಾಹನ ಸಿಕ್ಕು ಅಪ್ಪ ಬರುವ ಹೊತ್ತಿಗೆ ಬಹಳ ಹೊತ್ತಾಗಿ ಹೋಗಿತ್ತು. ಅಲ್ಲಿಯ ತನಕ ಆ ಲೋಟ ಕಿಟಕಿಯಲ್ಲಿಯೇ ಇತ್ತು.

ಪೇಟೆಯ ದವಾಖಾನೆಯಲ್ಲಿ ಅದೇ ಡಾಕ್ಟರು ಅವ್ವನ ಬೆರಳಿನ ರಕ್ತ ನೋಡಿದ ಕೂಡಲೇ ಗ್ಲುಕೋಸು ಏರಿಸಿದರು. ಆಮೇಲೆ ಅಪ್ಪನನ್ನು ಕೇಳಿದರು.

"ಇವರು ಏನು ಉಂಡಿದ್ರು ಇವತ್ತು?"

"ಉಪಾಸ ಇದ್ಲಂತ್ರಿ."

"ನಿನ್ನಿ?"

ಅಪ್ಪನಿಗೆ ಗೊತ್ತಿರಲಿಲ್ಲ. ನಾನು ಅರ್ಧ ರೊಟ್ಟಿ ಎಂದೆ. ಆಮೇಲೆ ಅಪ್ಪ ಬಾಗಿಲ ಹತ್ತಿರ ನಿಂತು ಎಲ್ಲವನ್ನೂ ಹೇಳಿದ, ಹೊರಸಿನ ಮೇಲಿಂದ ಕಂಡದ್ದನ್ನು, ತಾಟು ಬಳಿದದ್ದನ್ನು. ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಅಂದೇ. ಡಾಕ್ಟರು ಕುರ್ಚಿಯಲ್ಲಿ ಕೂತರು.

"ಎರಡು ಹೊತ್ತು ಉಣ್ತೇನಂತ ಇವರು ಹೇಳಿದ್ದಕ್ಕ ನಾ ಗುಳಿಗಿ ಹೆಚ್ಚು ಮಾಡಿದೆ. ಅದ ಹೊತ್ತಿಗೆ ನೀವು ಇವರ ತಿನ್ನೂದು ನಿಲ್ಲಿಸೀರಿ. ಸಕ್ಕರಿ ಏರಿಲ್ಲ, ಪೂರಾ ಇಳದೈತಿ. ತಲಿಗೆ ಸಕ್ಕರಿ ಇಲ್ಲದ ಇಷ್ಟೊತ್ತು ಮಲಗ್ಯಾರ ಇವರು. ಅವತ್ತ ಒಂದು ಮಾತು ಹೇಳಬಾರದೇನ್ರಿ ನನಗ?"

"ಮಂದಿ ಕುಂತಿದ್ರು ರೀ," ಎಂದ ಅಪ್ಪ. "ಅವರ ಮುಂದ ಹೆಂಗ ಹೇಳಲಿ, ಎಂಜಲ ತಿಂತಾಳಂತ."

ಮನೆಯಲ್ಲಿದ್ದ ಆಯಿಗೆ ಈ ಸುದ್ದಿ ಮುಟ್ಟಿತು. ಆಮೇಲೆ ನನ್ನನ್ನು ಕರೆದು, ತಾನು ಡಾಕ್ಟರ್ ಹೇಳಿದ್ದನ್ನೇ ಮಾಡಿದ್ದು, ಹೌದೋ ಅಲ್ಲೋ ಎಂದು ಕೇಳಿದಳು. ಹೌದು ಎಂದೆ. ಅದು ಹೌದೇ ಆಗಿತ್ತು. ಆ ಮೇಲೂ ಅವಳು ಸಾಯುವ ತನಕ ಆಗಾಗ ಅದನ್ನೇ ಕೇಳುತ್ತಿದ್ದಳು, ಒಮ್ಮೊಮ್ಮೆ ಬೀದಿಯಲ್ಲಿ ಹೋಗುವವರನ್ನೂ ಕರೆದು ಕೇಳುತ್ತಿದ್ದಳು.

ಅವ್ವನನ್ನು ಧಾರವಾಡದ ದೊಡ್ಡ ಆಸ್ಪತ್ರೆಗೆ ಒಯ್ದರು. ಅವಳು ಬದುಕಿದಳು. ನಮ್ಮ ಜೊತೆ ಆ ಮನೆಯಲ್ಲಿ ಇನ್ನೂ ಬಹಳ ವರ್ಷ ಇದ್ದಳು, ಗೋಡೆಗೆ ಒರಗಿ ಕೂತು, ಯಾರು ಬಂದರೂ ಹೋದರೂ ಒಂದೇ ತೆರನಾಗಿ ನೋಡುತ್ತ. ಒಲೆ ನನ್ನ ಪಾಲಿಗೆ ಬಂತು, ಶಾಲೆ ನಿಂತುಹೋಯಿತು. ಅಪ್ಪ ಪಾಳಿಯಿಂದ ಬಂದ ಕೂಡಲೇ ಕೈ ತೊಳೆದು, ತಾನು ಉಣ್ಣುವ ಮೊದಲು ಅವಳಿಗೆ ಉಣಿಸುತ್ತಿದ್ದ. ತನಗೆ ಉಣಿಸುತ್ತಿರುವವನು ಗಂಡ ಎಂಬುದು ಅವಳಿಗೆ ಒಂದು ದಿನವೂ ನೆನಪಾಗಲಿಲ್ಲ. ಅವನ ಮನಸ್ಸಿನಲ್ಲಿ ಏನಿತ್ತು ಎಂದು ಅವನು ಹೇಳುವ ಹೊತ್ತಿಗೆ, ಕೇಳಬೇಕಾದವಳು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ನಾನು ಗಡುಸಾದದ್ದು ಆ ವರ್ಷಗಳಲ್ಲಿ. ನನ್ನ ಮನೆಯಲ್ಲಿ ಯಾರೂ ಮುಖ ಸಣ್ಣದು ಮಾಡಿಕೊಂಡು ಸುಮ್ಮನೆ ಕೂರುವ ಹಾಗಿಲ್ಲ. ಏನಿದ್ದರೂ ಬಾಯಿ ಬಿಟ್ಟು ಹೇಳಬೇಕು, ಜಗಳವಾದರೂ ಸರಿ. ನನ್ನ ಮಕ್ಕಳು ಇದಕ್ಕೆ ನನ್ನ ಮೇಲೆ ಬೇಸರಪಟ್ಟಿದ್ದಾರೆ, ಪಡಲಿ.

ಅವಳು ಧಾರವಾಡದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನ ನಾನು ಮಂಚದ ಕಾಲ ಬದಿಯಲ್ಲಿದ್ದೆ, ಅಪ್ಪ ತಲೆಯ ಬದಿಯಲ್ಲಿ. ಅಪ್ಪ ಬಗ್ಗಿ, ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದ. ಅವ್ವ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದಾರಿಯಲ್ಲಿ ಹೋಗುವ ಹಿರಿಯರನ್ನು ಕೇಳುವಂತೆ ಮೆಲ್ಲಗೆ ಕೇಳಿದಳು.

"ಯಪ್ಪಾ, ನೀವ್ಯಾರೋ ಗೊತ್ತಾಗವಲ್ತ್ರಿ. ನನಗ ಭಾಳ ಹಸಿವಾಗೇತಿ. ಏನರ ಕೊಡ್ರಿ."

ತನಗೆ ಹಸಿವಾಗಿದೆ ಎಂದು ಅವ್ವ ಹೇಳಿದ್ದನ್ನು ನಾವು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ.